ಪಾಸ್‌ಪೋರ್ಟ್ ಕೇಳಿಸಿಕೊಂಡವಳು

ಗುಂಗುರು ಕೂದಲೊಳಗೆ ಅವಳು ಸಿಕ್ಕಿಸಿಕೊಂಡ ಪೆನ್ನು ಎಷ್ಟು ತಲೆ ಕೊಡವಿದರೂ ಬೀಳುತ್ತಿರಲಿಲ್ಲ. ನನ್ನ ನೇರ ಕೂದಲಲ್ಲಿ ನಿಲ್ಲುತ್ತಿರಲಿಲ್ಲ. ನಾನು ಅದಕ್ಕೂ ಕರುಬಿದವಳು.

ಶಿರಸಿಯಲ್ಲಿ ಕಾನೂನು ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ಸಿದ್ದಾಪುರದವಳು, ಅವಳು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ. ಅವಳ ಪೂರ್ವಜರು ಆಫ್ರಿಕಾದಿಂದ ಬಂದದ್ದು ಯಾವ ಕಾಲದಲ್ಲೋ. ಕಾನೂನಿನ ಕಲಮುಗಳೆಲ್ಲ ನನಗೆ ಬಾಯಿಪಾಠ, ಅಂಕವೂ ನನಗೇ ಹೆಚ್ಚು. ಆದರೂ ಪಾಠದ ನಡುವೆ ಮೇಡಂ ನೋಡುತ್ತಿದ್ದುದು ಅವಳ ಮುಖವನ್ನೇ.

ಮೂಲವಂಶದ, ಅಂದರೆ ಜನಾಂಗದ, ಕಾರಣಕ್ಕೆ ಸರ್ಕಾರ ಯಾರಲ್ಲೂ ಭೇದ ಮಾಡಕೂಡದು ಎಂಬ ಸಂವಿಧಾನದ ವಿಧಿಯನ್ನು ಮೇಡಂ ವಿವರಿಸಿದ ದಿನ ಅವಳು ಎದ್ದು ನಿಂತಳು.

"ಸರ್ಕಾರದ್ದು ಸರಿ ಮೇಡಂ. ಬಸ್ಸಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ರೂ ನಿಂತೇ ಬರ್ತಾರಲ್ಲ, ಅವ್ರಿಗೆ ಯಾವ ಕಲಂ?"

ಉಳಿದ ಪಾಠವೆಲ್ಲ ಆ ಪ್ರಶ್ನೆಯ ಮೇಲೆಯೇ ನಡೆಯಿತು. ನಾನು ಓದಿಕೊಂಡು ಬಂದದ್ದನ್ನು ಯಾರೂ ಕೇಳಲಿಲ್ಲ.

ಹುಬ್ಬಳ್ಳಿಯ ಅಣಕು ನ್ಯಾಯಾಲಯ ಸ್ಪರ್ಧೆಗೆ ನಮ್ಮಿಬ್ಬರನ್ನು ಕಳಿಸಿದರು. ವಾದಿಸುವವಳು ಅವಳು, ನಾನು ಸಹಾಯಕಿ. ಲಾಡ್ಜಿನ ಮ್ಯಾನೇಜರು ನನ್ನನ್ನು ಏನೂ ಕೇಳದೆ ಅವಳತ್ತ ತಿರುಗಿ, "ಪಾಸ್‌ಪೋರ್ಟ್ ತೋರಸ್ರಿ," ಎಂದ.

"ನಮ್ಮ ಮುತ್ತಜ್ಜನೂ ಯಲ್ಲಾಪುರದವ್ರೇ. ಇವಳ ಹತ್ರ ಯಾಕೆ ಕೇಳಲಿಲ್ಲ?"

"ಅವ್ರು ಇಲ್ಲಿಯವ್ರೇ ಬಿಡ್ರೀ."

"ಹೇಗೆ ಗೊತ್ತಾಯ್ತು?"

ಮ್ಯಾನೇಜರು ಕೀಲಿಕೈ ಕೊಟ್ಟ.

ಮರುದಿನ ಅವಳು ವಾದ ಶುರುಮಾಡಿದ್ದೇ ಈ ಸಂಗತಿಯಿಂದ. ಬಹುಮಾನ ಹಿಡಿದು ಮರಳುವಾಗ ಬಸ್ಸಿನಲ್ಲಿ ನಾನು ತಡೆಯಲಾರದೆ ಅಂದೆ: "ನಿಂಗೆ ಹೇಳಕ್ಕೆ ಒಂದು ಕತೆಯಾದ್ರೂ ಇತ್ತು. ನಂಗೆಂತ ಇದ್ದು?"

ಅವಳು ಸಿಟ್ಟಾಗಲಿಲ್ಲ. "ಬೇಕಾದ್ರೆ ತಗೋ ಮಾರಾಯ್ತಿ. ಆದ್ರೆ ಸ್ಪರ್ಧೆಗೆ ಮಾತ್ರ ಅಂತಿಲ್ಲ. ಜನ್ಮಪೂರ್ತಿ ಇಟ್ಕೊಬೇಕು," ಎಂದು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಈಗ ಅವಳು ದೂರದ ವಿಶ್ವವಿದ್ಯಾಲಯದಲ್ಲಿ ಜನಾಂಗಭೇದ ಮತ್ತು ಕಾನೂನಿನ ಬಗ್ಗೆ ಸಂಶೋಧನೆ ಮಾಡುತ್ತಾಳೆ, ಪಾಠ ಹೇಳುತ್ತಾಳೆ. ನಾನು ಊರ ಕಡೆಯಲ್ಲೇ ವಕೀಲೆ. "ನೀ ಕೋರ್ಟಲ್ಲಿ ನಿಂತ್ಕೊ, ಬಾಯಿಪಾಠ ಅಲ್ಲೇ ಬೇಕಾಗೋದು," ಎಂದು ತನ್ನ ಕಡೆಯವರ ಕೇಸುಗಳನ್ನು ನನಗೆ ಕಳಿಸುತ್ತಾಳೆ. ನನ್ನ ವಕೀಲಿಕೆಗೊಂದು ಅರ್ಥ ಬಂದದ್ದು ಅವಳು ಕಳಿಸಿದ ಕಕ್ಷಿದಾರರಿಂದ. ಅದನ್ನು ಒಪ್ಪಿಕೊಳ್ಳಲೂ ಹೊಟ್ಟೆ ಉರಿಯುತ್ತದೆ.

ಹೋದ ತಿಂಗಳು ಒಬ್ಬ ಸಿದ್ದಿ ಅಜ್ಜಿಯ ಕೇಸು ಗೆದ್ದೆ. "ನೀವು ಹೊರಗಿಂದ ಬಂದವ್ರು," ಎಂದು ಪಕ್ಕದ ಜಮೀನಿನವನು ಅವರು ನಡೆದಾಡುವ ದಾರಿಗೆ ಬೇಲಿ ಹಾಕಿದ್ದ. ಅದನ್ನು ತೆಗೆಯಬೇಕೆಂದು ತೀರ್ಪಾಯಿತು. ಯಲ್ಲಾಪುರದ ಕೋರ್ಟಿನ ಮೆಟ್ಟಿಲ ಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡರು. ನನಗೂ ಕಣ್ಣು ತುಂಬಿತು.

"ನಿಮ್ಮ ಹತ್ರ ಕಳ್ಸಿದ ನಮ್ಮ ಹುಡ್ಗಿಗೊಂದು ಫೋನ್ ಹಚ್ಚಿ ಕೊಡಿ ವಕೀಲ್ರೆ," ಎಂದರು.

ಹಚ್ಚಿಕೊಟ್ಟೆ. ಇಬ್ಬರೂ ತಮ್ಮ ಮನೆಮಾತಾದ ಕೊಂಕಣಿಯಲ್ಲಿ ಅಳುತ್ತ ನಗುತ್ತ ಮಾತಾಡುತ್ತಲೇ ಇದ್ದರು. ಕೇಸು ಗೆದ್ದವಳು ನಾನು, ಫೋನು ಕೈಗೆ ಬರಲೆಂದು ಪಕ್ಕದಲ್ಲಿ ಕಾಯುತ್ತ ನಿಂತಿದ್ದೆ.