ಕುದ್ರೋಳಿಯಿಂದ ಕದ್ರಿಗೆ ಹದಿನೆಂಟು ಹುಳ

ಬೆಳಿಗ್ಗೆ ಹತ್ತಕ್ಕೆ ಕುದ್ರೋಳಿಯಿಂದ ಹೊರಟೆ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಹದಿನೆಂಟು ಆಫ್ರಿಕನ್ ಬಸವನಹುಳು. ಒಂದು ಹುಳ ಬಿಟ್ಟ ಲೋಳೆಯ ಜಾಡನ್ನು ಇನ್ನೊಂದು ಹಿಂಬಾಲಿಸುತ್ತದೆಯೇ ಎಂದು ನೋಡುವುದು ನನ್ನ ಸಂಶೋಧನೆ. ಕದ್ರಿಯ ನಮ್ಮ ಪ್ರಯೋಗಾಲಯಕ್ಕೆ ನಾಲ್ಕೈದು ಕಿಲೋಮೀಟರ್, ಅಷ್ಟೇ. ಆದರೂ ಮುಚ್ಚಳವನ್ನು ಎರಡೆರಡು ಸಲ ಒತ್ತಿ ನೋಡಿದೆ. ನಮ್ಮ ಪ್ರಯೋಗಾಲಯದ ಸುತ್ತಲಿನ ಹಿತ್ತಲುಗಳಿಗೆ ಈ ಪೀಡೆ ಇನ್ನೂ ಕಾಲಿಟ್ಟಿರಲಿಲ್ಲ.

ಕುದ್ರೋಳಿಯಲ್ಲಿ ನನಗೆ ಹುಳ ಹೆಕ್ಕಲು ಬಿಟ್ಟ ಝೊಹರಾ ಆಂಟಿಯ ಹಿತ್ತಲಲ್ಲಿ ಪಪ್ಪಾಯಿ ಸಸಿಗಳ ದಂಟು ಮಾತ್ರ ಉಳಿದಿತ್ತು. "ಉಪ್ಪು ಹಾಕಿದ್ರೆ ಮುಗೀತದೆ. ಇದನ್ನು ಬಸ್ಸಲ್ಲಿ ಕೂರಿಸಿಕೊಂಡು ಹೋಗುವುದು ಎಂತಕ್ಕೆ ಮಾರಾಯ್ತಿ?" ಎಂದರು. ನಾನು ನಕ್ಕೆ.

ಹಂಪನಕಟ್ಟೆಯವರೆಗೆ ರಿಕ್ಷಾ, ಅಲ್ಲಿಂದ ಹದಿನೈದು ರೂಪಾಯಿಯ ಸಿಟಿ ಬಸ್. ಜೋರು ಮಳೆ, ಚೂಡಿದಾರವೆಲ್ಲ ಒದ್ದೆ. ಪಕ್ಕದಲ್ಲಿ ಕೂತ ಹೆಂಗಸಿನ ಬುಟ್ಟಿಯಲ್ಲಿ ಬಸಳೆ ಬಳ್ಳಿ ತುಂಬಿತ್ತು. "ಕದ್ರಿ ಪಾರ್ಕಿನ ಹಿಂದೆ ನಮ್ಮ ಮನೆ. ಇದನ್ನು ನೆಡ್ಲಿಕ್ಕುಂಟು," ಎಂದರು. ಹೆಸರು ಸುಮತಿಯಂತೆ. ಬಸ್ಸು ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಹುಳಗಳಿಗೆ ಉಸಿರು ಕಟ್ಟೀತೆಂದು ಮುಚ್ಚಳ ತುಸು ಸಡಿಲಿಸಿ, ಮೊಬೈಲ್ ನೋಡುತ್ತಾ ಕೂತೆ.

ಪ್ರಯೋಗಾಲಯದಲ್ಲಿ ಎಣಿಸಿದರೆ ಹದಿನೇಳು. ಮೂರು ಸಲ ಎಣಿಸಿದರೂ ಹದಿನೇಳೇ. ಡಬ್ಬದ ಅಂಚಿನಿಂದ ಇಳಿದ ಲೋಳೆಯ ಗೆರೆ ನನ್ನ ಚೂಡಿದಾರದ ಎಡ ಮೊಣಕಾಲಿನ ಮೇಲೆ ಹಾದು ಅಲ್ಲೇ ನಿಂತಿತ್ತು. ಬಸಳೆಯ ಬುಟ್ಟಿ ಇದ್ದದ್ದು ಎಡಕ್ಕೆ. ಈ ಹುಳ ಊರೂರಿಗೆ ಹೇಗೆ ಹಬ್ಬುತ್ತದೆ ಎಂದು ಭಾಷಣ ಮಾಡಿಕೊಂಡು ತಿರುಗುವವಳು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಕೊಡೆಯನ್ನೂ ಮರೆತು ಪಾರ್ಕಿನ ಹಿಂದಿನ ಓಣಿಗಳಿಗೆ ಓಡಿದೆ. ಗೇಟು ಗೇಟಿನಲ್ಲಿ ನಿಂತು ಸುಮತಿಯಕ್ಕನ ಮನೆ ಕೇಳಿದೆ. ಆರನೆಯ ಗೇಟಿನಲ್ಲಿ ಅವರೇ ಸಿಕ್ಕರು. ಕೈಯೆಲ್ಲ ಕೆಸರು, ಬಸಳೆ ನೆಟ್ಟಾಗಿತ್ತು.

"ಅಕ್ಕ, ಬುಟ್ಟಿಯಲ್ಲಿ ಒಂದು ಹುಳ ಇತ್ತಾ?"

"ಇತ್ತು ಇತ್ತು. ಇಷ್ಟು ದೊಡ್ಡದು. ಪಾಪ ಅಂತ ತೋಟಕ್ಕೆ ಬಿಟ್ಟೆ. ಎಂತಾಯ್ತು?"

ಎಲ್ಲವನ್ನೂ ಹೇಳಿದೆ. ಸುಮತಿಯಕ್ಕ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಒಂದೇ ಅಲ್ವಾ?" ಎಂದರು.

"ಒಂದೇ ಸಾಕು ಅಕ್ಕ. ಹೊಟ್ಟೆಯಲ್ಲಿ ನೂರಾರು ಮೊಟ್ಟೆ ಇರ್ತದೆ."

ಇಬ್ಬರೂ ಕೂತು ಬಸಳೆಯ ಬುಡ, ಕಲ್ಲಿನ ಸಂದಿ, ಕೆಸುವಿನ ಎಲೆಯಡಿ ಹುಡುಕಿದೆವು. ಸಂಜೆಯಾಯಿತು, ಸಿಗಲಿಲ್ಲ. ಸುಮತಿಯಕ್ಕ ಒಳಗೆ ಹೋಗಿ ಬಂದರು. ಕೈಯಲ್ಲಿ ಉಪ್ಪಿನ ಭರಣಿ ಇತ್ತು. ಅದನ್ನು ಮೆಟ್ಟಿಲ ಮೇಲಿಟ್ಟು, "ನಾಳೆಯೂ ಬನ್ನಿ," ಎಂದರು.

ಗೇಟು ದಾಟಿ ತಿರುಗಿ ನೋಡಿದೆ. ಆಗಷ್ಟೇ ನೆಟ್ಟ ಬಸಳೆಯ ಮೇಲೆ ಮಳೆ ಮತ್ತೆ ಶುರುವಾಗಿತ್ತು. ಆ ಹುಳಕ್ಕೆ ಬೇಕಾದದ್ದು ಇಂಥದ್ದೇ ಮಳೆ.