ಅಪ್ಪನ ಭುಜದ ಸೆರಗು

ಹೊಸ ರೇಷ್ಮೆಗೆ ಇಸ್ತ್ರಿಯ ಆವಿ ತಾಗಿದಾಗ ಏಳುವ ವಾಸನೆ ಎಲ್ಲಿ ಬಂದರೂ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ. ನ್ಯೂಜೆರ್ಸಿಯಲ್ಲಿ ನಮ್ಮದೊಂದು ಸೀರೆ ಅಂಗಡಿಯಿತ್ತು. ತಾತ ಶುರುಮಾಡಿದ್ದು, ಅಪ್ಪ ಬೆಳೆಸಿದ್ದು, ನಾನು ಹೋಮ್‌ವರ್ಕ್ ಮಾಡದೆ ಬೆಳೆದದ್ದು ಎಲ್ಲ ಅಲ್ಲೇ. ಒಂದು ಗೋಡೆಗೆ ತಾತನ ಕಾಲದಿಂದಲೂ ತರಿಸುತ್ತಿದ್ದ ಮೈಸೂರು ಸಿಲ್ಕು, ಧರ್ಮಾವರಂ. ಎದುರು ಗೋಡೆಗೆ ನಿರಿಗೆ ಹೊಲಿದು ಸೊಂಟಕ್ಕೆ ಝಿಪ್ ಇಟ್ಟ ಅಪ್ಪನ ರೆಡಿಮೇಡ್ ಸೀರೆಗಳು. ಇಲ್ಲೇ ಹುಟ್ಟಿದ ಹುಡುಗಿಯರು ಜೀನ್ಸಿನಲ್ಲಿ ಟ್ರಯಲ್ ರೂಮಿಗೆ ಹೋಗಿ ಮದುವಣಗಿತ್ತಿಯರಾಗಿ ಹೊರಬರುತ್ತಿದ್ದರು. ಆದರೂ ಜನ ಬರುತ್ತಿದ್ದದ್ದು ಅಪ್ಪನಿಗಾಗಿ. ಬಿಳಿ ಹಾಸಿನ ಮೇಲೆ ನಿಂತು, ಪ್ಯಾಂಟಿನ ಮೇಲೇ ಸೀರೆ ಸುತ್ತಿ, ಸೆರಗನ್ನು ಎಡಭುಜಕ್ಕೆ ಬೀಸಿ, "ನೋಡಿ ಮೇಡಂ, ಉಟ್ರೆ ಹೀಗೆ" ಎಂದು ಮೆಲ್ಲಗೆ ತಿರುಗುತ್ತಿದ್ದ. ಅಷ್ಟು ದಪ್ಪ ಮೀಸೆಯ ಕೆಳಗೆ ಅಷ್ಟು ಒನಪು ಮತ್ತೆಲ್ಲೂ ನೋಡಿಲ್ಲ. ಗಿರಾಕಿಗಳು ಹೋದಮೇಲೆ ನಾನು ಅವರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದೆ. "ಬೆಂಗ್ಳೂರಲ್ಲಿ ಅರ್ಧಕ್ಕೆ ಸಿಗುತ್ತೆ" ಎನ್ನುತ್ತಲೇ ಮೂರು ಸೀರೆ ಒಯ್ಯುವ ಮನ್ರೋ ಊರಿನ ಆಂಟಿಯನ್ನು ಅಣಕಿಸಿದರೆ ಅಪ್ಪ ನಕ್ಕು ನಕ್ಕು, "ಬಾಯ್ಮುಚ್ಚೋ, ಅವ್ರಿನ್ನೂ ಪಾರ್ಕಿಂಗಲ್ಲೇ ಇದಾರೆ" ಎನ್ನುತ್ತಿದ್ದ.

ಅಕ್ಕನ ಮದುವೆ ಗೊತ್ತಾಗಿ, ಹುಡುಗನ ಅಮ್ಮ ಬಾಸ್ಕಿಂಗ್ ರಿಡ್ಜ್‌ನಿಂದ ಸೀರೆ ಆರಿಸಲು ಬರುವವರಿದ್ದರು. ಹಿಂದಿನ ದಿನ ಅಕ್ಕ, "ಅಪ್ಪಾ, ಪ್ಲೀಸ್, ನಾಳೆ ನೀನು ಉಟ್ಕೋಬೇಡ. ಜಸ್ಟ್ ಯೂಸ್ ದ ಮ್ಯಾನೆಕ್ವಿನ್" ಎಂದಳು. ಅಪ್ಪ ಒಂದು ಕ್ಷಣ ಸೀರೆ ಮಡಚುವುದನ್ನು ನಿಲ್ಲಿಸಿದ. "ಆಯ್ತಮ್ಮ, ಗೊಂಬೆಗೇ ಉಡಿಸಿದ್ರಾಯ್ತು."

ಮರುದಿನ ಬಂದ ಬೀಗಿತ್ತಿ ಆಂಟಿ ಗೊಂಬೆಯನ್ನು ನೋಡಿ ಮುಖ ಸಣ್ಣದು ಮಾಡಿದರು. "ಏನು ಬೀಗರೇ, ನೀವೇ ಉಟ್ಟು ತೋರಿಸ್ತೀರಂತೆ? ಅದನ್ನ ನೋಡೋಕೇ ಅಷ್ಟು ದೂರದಿಂದ ಬಂದೆ."

ಅಪ್ಪ ಅಕ್ಕನ ಕಡೆ ನೋಡಲಿಲ್ಲ. ಎಡಭುಜ ಹಿಡಿದುಕೊಂಡು, "ಭುಜ ಹಿಡ್ಕೊಂಡಿದೆಯಮ್ಮ. ಕೈ ಎತ್ತೋಕೇ ಆಗಲ್ಲ" ಎಂದ.

"ನಾನ್ ಮಾಡ್ತೀನಿ ಆಂಟಿ" ಎಂದು ನಾನು ಹಾಸಿನ ಮೇಲೆ ಹಾರಿದೆ. ಅಪ್ಪನದೇ ನಿರಿಗೆ, ಅಪ್ಪನದೇ ಕೆಮ್ಮು, ಅಪ್ಪನದೇ ಸೆರಗಿನ ಬೀಸು. ಆಂಟಿ ಕಣ್ಣೀರು ಬರುವಷ್ಟು ನಕ್ಕರು. "ಹೀಗೇನಾ ಬೀಗರೇ ನೀವು ಮಾಡೋದು?"

"ಹೆಚ್ಚುಕಮ್ಮಿ" ಎಂದ ಅಪ್ಪ. ಅವನ ಕಿವಿ ಕೆಂಪಾಗಿತ್ತು. ನಗುತ್ತಲೇ ಆಂಟಿ ಮೇಲಿನ ಸಾಲಿನ ಮರೂನ್ ಸೀರೆ ತೋರಿಸಿದರು. ಅಪ್ಪ ರೂಢಿಯಂತೆ ಎಡಗೈ ಎತ್ತಿ, ತಲೆಯ ಮೇಲಿಂದ ಇಡೀ ಕಟ್ಟನ್ನೇ ಸಲೀಸಾಗಿ ಇಳಿಸಿದ. ಇಳಿಸಿದ ಮೇಲೆ ನೆನಪಾಯಿತು. ಆಂಟಿ ಅವನ ಕೈ ನೋಡಿದರು, ಅಕ್ಕನ ಮುಖ ನೋಡಿದರು, ಆಮೇಲೆ ಬಹಳ ಹೊತ್ತು ಜರಿಯನ್ನೇ ನೋಡಿದರು. ಅಕ್ಕ ಫೋನಿನಲ್ಲಿ ಏನೋ ಹುಡುಕತೊಡಗಿದಳು. ಎಂಥವರನ್ನೂ ಅಣಕಿಸುವ ನಾನು ಅಪ್ಪನ ಸೆರಗು ಹೊದ್ದುಕೊಂಡು ಗೊಂಬೆಯ ಪಕ್ಕ ಇನ್ನೊಂದು ಗೊಂಬೆಯಾಗಿ ನಿಂತಿದ್ದೆ.

ಆ ಮರೂನ್ ಸೀರೆಯಲ್ಲೇ ಅಕ್ಕನ ಮದುವೆಯಾಯಿತು. ಅಪ್ಪ ಮತ್ತೆಂದೂ ಹಾಸಿನ ಮೇಲೆ ಸೀರೆ ಸುತ್ತಿ ನಿಲ್ಲಲಿಲ್ಲ. ಯಾರು ಕೇಳಿದರೂ ಭುಜನೋವು. ಅವನು ಹೋದಮೇಲೆ ಅಂಗಡಿಯೂ ಹೋಯಿತು. ಈಗಲ್ಲಿ ಬಬಲ್ ಟೀ ಮಾರುತ್ತಾರೆ. ಹೋದ ತಿಂಗಳು ಅಕ್ಕ ನನ್ನನ್ನು ಕರೆದುಕೊಂಡು ಅಲ್ಲಿಗೆ ಡ್ರೈವ್ ಮಾಡಿದಳು. ಬಿಳಿ ಹಾಸು ಇದ್ದ ಜಾಗದಲ್ಲಿ ಕುಳಿತು, ಟೀ ಕಪ್ಪನ್ನು ಸುಮ್ಮನೆ ತಿರುಗಿಸುತ್ತ, ಎಂದೂ ಇಂಗ್ಲಿಷ್ ಬೆರೆಸದೆ ಮಾತಾಡದವಳು ಅಚ್ಚ ಕನ್ನಡದಲ್ಲಿ ಕೇಳಿದಳು: "ಅಪ್ಪಂಗೆ ಅವತ್ತು ನಿಜವಾಗ್ಲೂ ಭುಜ ನೋಯ್ತಿತ್ತು, ಅಲ್ವೇನೋ?"

"ಹೂಂ ಅಕ್ಕ" ಎಂದೆ. "ತುಂಬಾ ನೋಯ್ತಿತ್ತು."