ಸಾಲಿನ ಆ ಕಡೆಯವಳು

ಹಡಗಲಿಯಾಚೆ ಓಬಳೇಶಪ್ಪನ ಮಲ್ಲಿಗೆ ತೋಟದಲ್ಲಿ ಹೂ ಬಿಡಿಸುವವರು ಜೋಡಿಯಾಗಿ ನಿಲ್ಲುತ್ತಿದ್ದರು, ಸಾಲಿನ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು. ಹೊನ್ನೂರಮ್ಮನ ಎದುರಿಗೆ ಹದಿನಾರು ವರ್ಷ ಶಿವಮ್ಮ ನಿಂತಿದ್ದಳು. ಬೆಳಕು ಹರಿಯುವ ಮುಂಚೆ ಮುಖ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಗಿಡ ದಾಟಿ ಬರುತ್ತಿತ್ತು.

ಹೊನ್ನೂರಮ್ಮ ಒಂದು ನುಡಿ ಎಸೆಯುತ್ತಿದ್ದಳು:

"ಮಂಜಿನಾಗ ಮುಖ ತೊಳದು ನಿಂತಾರ ಯಾರ್ಯಾರು?"

ಆ ಕಡೆಯಿಂದ ಶಿವಮ್ಮ:

"ಸಾಹುಕಾರ ಬರೋದ್ರಾಗ ಬುಟ್ಟಿ ತುಂಬಿಸಿ ಕುಂತೋರು!"

ಇಬ್ಬರೂ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಜವಾಬು ಬಾರದೆ ಮುಂದಿನ ಗಿಡಕ್ಕೆ ಹೋಗಬಾರದು ಎಂಬುದು ಅವರು ತಾವೇ ಮಾಡಿಕೊಂಡ ಕಟ್ಟಳೆ. ಬೇಸಿಗೆಗೆ ಬೇಸಿಗೆಯ ನುಡಿ, ಮಳೆ ಬಂದ ಮರುದಿನಕ್ಕೆ ಬೇರೆ ನುಡಿ. ಬರೆದಿಡಲು ಇಬ್ಬರಿಗೂ ಅಕ್ಷರ ಗೊತ್ತಿರಲಿಲ್ಲ. ಬಿಸಿಲೇರುವಷ್ಟರಲ್ಲಿ ಮರೆತೂ ಹೋಗುತ್ತಿದ್ದವು. ಹೊನ್ನೂರಮ್ಮನಿಗೆ ಮಾತ್ರ ಕೆಲವು ಉಳಿಯುತ್ತಿದ್ದವು. ಗಂಡ ತೀರಿಕೊಂಡು, ಮಕ್ಕಳಿಲ್ಲದ ಮನೆಯಲ್ಲಿ ರೊಟ್ಟಿ ಬಡಿಯುವಾಗ ಅವನ್ನೇ ಗುನುಗುತ್ತಿದ್ದಳು.

ತೊಂಬತ್ತೇಳನೇ ಇಸವಿಯಲ್ಲಿ ಶಿವಮ್ಮನ ಮಗಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ಮಗಳ ಊರು ಚಿಗಟೇರಿಗೆ ಹೋದ ಶಿವಮ್ಮ ಅಲ್ಲೇ ಉಳಿದಳು. ಸಾಲಿನ ಆ ಕಡೆ ಕನಕಮ್ಮ ಬಂದು ನಿಂತಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಕೈ ಬಲು ಚುರುಕು.

ಮೊದಲ ದಿನ ಹೊನ್ನೂರಮ್ಮ ನುಡಿ ಎಸೆದಾಗ ಅವಳು, "ಏನಕ್ಕಾ, ನನ್ನ ಕರದ್ರ್ಯಾ?" ಅಂದಳು.

"ಇಲ್ಲ ತಂಗಿ."

ಕನಕಮ್ಮ ಮುಂದಿನ ಗಿಡಕ್ಕೆ ಹೋದಳು. ಹೊನ್ನೂರಮ್ಮನ ಕಾಲು ಏಳಲಿಲ್ಲ. ಕಾಯುತ್ತ ನಿಂತಳು, ಕೈ ತನ್ನಷ್ಟಕ್ಕೆ ಬಿಡಿಸುತ್ತಲೇ ಇತ್ತು. ಆ ಗಿಡದ ಇವತ್ತಿನ ಮೊಗ್ಗುಗಳೆಲ್ಲ ಮುಗಿದಿದ್ದವು. ಸಂಜೆಗೆ ಅರಳುವ ಮೊಗ್ಗು ಬೆಳ್ಳಗೆ ತುಂಬಿಕೊಂಡಿರುತ್ತದೆ, ನಾಳೆಯದು ಇನ್ನೂ ಹಸಿರು ಹಿಡಿದು ಬಿಗಿಯಾಗಿರುತ್ತದೆ. ಮುಟ್ಟಿದರೆ ಬೆರಳಿಗೆ ತಿಳಿಯುವ ಮಾತು ಅದು. ಅಂಥ ಬೆರಳೂ ಆ ಹಂಗಾಮಿನಲ್ಲಿ ಅವಳ ಮಾತು ಕೇಳಲಿಲ್ಲ.

ಒಂದು ದಿನ ಓಬಳೇಶಪ್ಪ ಅವಳ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಎತ್ತಿದ.

"ಏನ್ ಹೊನ್ನೂರವ್ವ, ನಾಳಿ ಹೂವು ಇವತ್ತ ಕಿತ್ತು ತಂದೀಯಲ್ಲ! ಇದು ದಾವಣಗೆರಿಗೆ ಹೋದ್ರ ಅರಳತೈತೇನು?"

"ಕತ್ತಲಾಗ ಗೊತ್ತಾಗಲಿಲ್ರಿ."

"ಹದಿನಾರು ವರ್ಷದಿಂದ ಗೊತ್ತಾಗ್ತಿದ್ದ ಕತ್ತಲು ಈಗೇನಾತು?"

ಮುಂದಿನ ಹಂಗಾಮಿನಲ್ಲೂ ಹೀಗಾದರೆ ಮಾಲೆ ಕಟ್ಟಲು ನೆರಳಿಗೆ ಕೂಡಿಸುತ್ತೇನೆಂದ. ನೆರಳಿನ ಕೆಲಸ ಹಗುರ, ಕೂಲಿಯೂ ಕಡಿಮೆಯಾಗದು. ಆದರೆ ಅಲ್ಲಿಂದ ಗಿಡ ಕಾಣುವುದಿಲ್ಲ. ಹೊನ್ನೂರಮ್ಮನಿಗೆ ಒಂದೇ ದಾರಿ ಹೊಳೆಯಿತು: ಶಿವಮ್ಮನನ್ನು ಕರೆತರಬೇಕು.

ಸಂಕ್ರಾಂತಿ ಕಳೆದು, ಮುಂದಿನ ಹೂವಿಗೆಂದು ತೋಟಕ್ಕೆ ನೀರು ನಿಲ್ಲಿಸಿ ಎಲೆ ಉದುರಿಸಿದ ದಿನಗಳಲ್ಲಿ, ಹರಪನಹಳ್ಳಿಗೆ ಹೋಗಿ ಬಸ್ ಬದಲಿಸಿ ಚಿಗಟೇರಿ ತಲುಪಿದಳು. ಶಿವಮ್ಮ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದಳು. ತೊಡೆಯ ಮೇಲೆ ಮೊಮ್ಮಗಳು.

"ಲೇ ಹೊನ್ನಿ! ಬದುಕೀಯೇನ? ಬಾ, ಕುಂದ್ರು. ಎಷ್ಟು ಸೊರಗೀಯಲೇ!"

"ನೀ ಬಾಳ ಊದೀದಿ ಬಿಡು, ಅಳಿಯನ ಮನಿ ಅನ್ನ."

ಶಿವಮ್ಮ ಹೊಟ್ಟೆ ಹಿಡಿದು ನಕ್ಕಳು. ಅದೇ ನಗು. ಹೊನ್ನೂರಮ್ಮನ ಎದೆ ಅರಳಿತು. ಉಂಡಾದ ಮೇಲೆ, ಮಗು ಮಲಗಿದಾಗ, ಅವಳು ಮೆಲ್ಲಗೆ ನುಡಿ ಎಸೆದಳು:

"ಎಲಿ ಉದುರಿ ನಿಂತೈತಿ, ನೀರು ಬ್ಯಾಡಂತೈತಿ…"

ಶಿವಮ್ಮ ತೆನೆ ತಿರುವಿದಳು. ಕಾಳು ಮೊರಕ್ಕೆ ಉದುರಿದವು.

"ಯಾವುದಲೇ?"

"ನಮ್ಮ ತೋಟ. ಜವಾಬು ಹೇಳು."

"ಅಯ್ಯ, ಅದನ್ನ ಇನ್ನೂ ಹಿಡಕೊಂಡೀಯೇನು? ನಿದ್ದಿ ಬರಬಾರದು ಅಂತ ಏನೇನೋ ವದರತಿದ್ವಿ. ನನಗ ಒಂದೂ ನೆನಪಿಲ್ಲ ನೋಡು."

ಅವಳ ಮಾತಿನಲ್ಲಿ ತಾತ್ಸಾರವಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

"ಈ ಹಂಗಾಮಿಗಾದ್ರೂ ಬಾರಲೇ ಶಿವಿ. ನನ್ನ ಮನ್ಯಾಗ ಇರು."

"ಹೆಂಗ ಬರಲಿ? ಇವಳು ನನ್ನ ಬಿಟ್ಟು ಇರಾಂಗಿಲ್ಲ." ಮಲಗಿದ ಮಗುವಿನ ಮೇಲೆ ಸೆರಗು ಬೀಸಿದಳು. "ಖರೇ ಹೇಳಲೇನು, ನನಗೂ ಇಲ್ಲೇ ಚಲೋ ಅನಸ್ತೈತಿ. ಆ ನಸುಕು, ಆ ಚಳಿ, ಬ್ಯಾಡವ್ವ."

ಹೊನ್ನೂರಮ್ಮ ತಾನೂ ನಾಲ್ಕು ತೆನೆ ಸುಲಿದು ಕೊಟ್ಟು ಎದ್ದಳು. ಶಿವಮ್ಮ ರಸ್ತೆಯವರೆಗೆ ಬಂದು, ಹೊನ್ನೂರಮ್ಮನ ಸೆರಗಿಗೆ ಒಂದಿಷ್ಟು ಕಾಳು ಕಟ್ಟಿ, "ಜಾತ್ರಿಗೆ ಬಾ ಮತ್ತ" ಎಂದಳು.

ಹಡಗಲಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊಲಗಳು ಬೋಳಾಗಿದ್ದವು. ಹೊನ್ನೂರಮ್ಮ ಯಾವುದನ್ನೂ ನೋಡುತ್ತಿರಲಿಲ್ಲ. ಹದಿನಾರು ವರ್ಷ ಇಬ್ಬರೂ ಒಂದೇ ಗಿಡ ಬಿಡಿಸಿದೆವು ಅಂದುಕೊಂಡಿದ್ದಳು. ಶಿವಮ್ಮ ಬಿಡಿಸಿದ್ದು ಹೂವನ್ನಷ್ಟೇ. ಅದರಲ್ಲಿ ತಪ್ಪೇನಿತ್ತು? ಕೂಲಿ ಕೊಟ್ಟದ್ದೂ ಹೂವಿಗೇ.

ಬಸ್ಸು ಎಲ್ಲೋ ಜನರನ್ನು ಹತ್ತಿಸಿಕೊಳ್ಳಲು ನಿಂತಾಗ, ಜವಾಬು ತಾನಾಗಿಯೇ ಬಂದುಬಿಟ್ಟಿತು:

"ಎಲಿ ಉದುರಿ ನಿಂತೈತಿ, ನೀರು ಬ್ಯಾಡಂತೈತಿ,
ಬೇರಿನ ಬಾಯಾಗ ಹೂವಿನ ಹೆಸರೈತಿ."

ಎರಡೂ ಸಾಲು ಅವಳ ಬಾಯಿಂದಲೇ ಬಂದವು. ಚೆನ್ನಾಗಿತ್ತು. ಶಿವಮ್ಮ ಹೇಳಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲವೆಂದು ಅವಳಿಗೇ ಗೊತ್ತಾಯಿತು. ಹಾಗೆ ಗೊತ್ತಾದದ್ದೇ ತಡ, ಸೆರಗಿನ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಪಕ್ಕದಲ್ಲಿ ಕೂತ ಹೆಂಗಸು ತಿರುಗಿದಳು. "ಏನಂದ್ರಿ ಯಕ್ಕಾ?"

ಹೊನ್ನೂರಮ್ಮ ಅವಳ ಮುಖ ನೋಡಿದಳು. ಹೇಳಿಬಿಡಬಹುದಿತ್ತು.

"ನಿಮಗಲ್ಲ ಬಿಡವ್ವ," ಎಂದು, ಅವಳ ಗಂಟು ಇಡಲು ಕಾಲು ಸರಿಸಿ ಜಾಗ ಮಾಡಿಕೊಟ್ಟಳು.